ಹೊತ್ತು ಮುಳುಗಿದ ಮೇಲಿನ ವಿಜಾಪುರ

(ಬಾನುಲಿ ಭಾಷಣ)

ಹಳೆಯ ಊರೊಂದನ್ನು ನೋಡುವುದಕ್ಕೆ ತಕ್ಕ ಹೊತ್ತು ಯಾವುದೆಂದು ಕೇಳಿದರೆ ನಾವೆಲ್ಲ ಬೆಳಗು ಎನ್ನುತ್ತೇವೆ. ಬಿಸಿಲೇರುವುದರೊಳಗಾಗಿ ಮುಗಿಸಿಬಿಡಬೇಕು ಎನ್ನುತ್ತೇವೆ. ಜರ್ಮನಿಯ ಕವಿ ಗಯಟೆ ಹಾಗೆ ಹೇಳಲಿಲ್ಲ. 1786ರಲ್ಲಿ ಇಟಲಿಗೆ ಹೋದ ಅವನು ರೋಮ್ ನಗರವನ್ನು ಹಗಲೆಲ್ಲ ಸುತ್ತಿದ. ಆದರೆ ಮರುವರ್ಷ ಫೆಬ್ರುವರಿಯ ಬೆಳದಿಂಗಳಿನಲ್ಲಿ ನಡೆದು ಬಂದ ಮೇಲೆ, ಹೀಗೆ ನಡೆಯದವನಿಗೆ ಆ ಊರಿನ ಚೆಲುವು ತಿಳಿಯದು ಎಂಬರ್ಥದ ಮಾತನ್ನು ತನ್ನ ಪ್ರವಾಸದ ಬರಹದಲ್ಲಿ ಬರೆದಿಟ್ಟ. ಬಿಡಿಬಿಡಿಯಾದ ವಿವರಗಳೆಲ್ಲ ಬೆಳಕು ನೆರಳುಗಳಲ್ಲಿ ಮುಳುಗಿಹೋಗಿ ದೊಡ್ಡ ಆಕೃತಿಗಳಷ್ಟೆ ಕಣ್ಣಿಗೆ ಉಳಿಯುತ್ತವೆ ಎಂಬುದು ಅವನ ಅನುಭವ.

ರೋಮ್ ನಾನು ಕಂಡದ್ದಲ್ಲ. ಆದರೆ ಗಯಟೆಯ ಮಾತು ನಿಜವೆಂದು ನನಗೆ ಗೊತ್ತು. ಅದನ್ನು ಓದುವುದಕ್ಕೆ ಬಹಳ ಮುಂಚೆಯೆ ನಾನು ಒಂದು ರಾತ್ರಿ ವಿಜಾಪುರದಲ್ಲಿ ನಡೆದಿದ್ದೆ.

ನನ್ನ ಊರು ಹೊರ್ತಿ. ವಿಜಾಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲಿದೆ; ರೇವಣಸಿದ್ಧೇಶ್ವರನ ಗುಡಿಯಿಂದಾಗಿ ಸುತ್ತಲಿನವರಿಗೆ ಪರಿಚಿತವಾದ ಊರು. ನಮಗೆ ವಿಜಾಪುರವೆಂದರೆ ಇತಿಹಾಸವಲ್ಲ, ಪ್ಯಾಟಿ. ಕೋರ್ಟಿನ ತಾರೀಖು ಬಂದರೆ ವಿಜಾಪುರ, ಜೋಳ ಮಾರುವುದಿದ್ದರೆ ವಿಜಾಪುರ, ಮೈಯಲ್ಲಿ ನೆಟ್ಟಗಿಲ್ಲದಿದ್ದರೆ ವಿಜಾಪುರ. 2014ರ ನವೆಂಬರಿನಿಂದ ಸರಕಾರದ ಕಾಗದಪತ್ರಗಳಲ್ಲಿ ಅದು ವಿಜಯಪುರವಾಗಿದೆ. ಚಾಲುಕ್ಯರ ಕಾಲದ ಶಾಸನದಲ್ಲಿಯೂ ವಿಜಯಪುರವೆಂದೇ ಇದೆ. ಆದರೂ ನನ್ನ ನಾಲಿಗೆಗೆ ಹೊಂದಿಕೊಂಡ ಹೆಸರು ವಿಜಾಪುರ, ಶ್ರೋತೃಗಳು ಮನ್ನಿಸಬೇಕು. ಬಸ್ಸಿನಿಂದ ದೂರದಲ್ಲಿ ಗೋಲಗುಮ್ಮಟ ಕಂಡ ಕೂಡಲೆ ನಾವು ಚೀಲ ಬುತ್ತಿಗಳನ್ನು ಸರಿಪಡಿಸಿಕೊಳ್ಳುತ್ತಿದ್ದೆವು. ನಮಗೆ ಅದು ಇಳಿಯುವ ಜಾಗ ಹತ್ತಿರ ಬಂತೆಂಬ ಗುರುತು, ಅಷ್ಟೆ. ಕೆಲಸ ಮುಗಿದೊಡನೆ ಕೊನೆಯ ಬಸ್ಸು ಹಿಡಿಯುವ ಆತುರ. ಹೀಗೆ ನೂರು ಸಲ ಹೋಗಿಬಂದ ಊರನ್ನು ನಾನು ಒಮ್ಮೆಯೂ ಹೊತ್ತು ಮುಳುಗಿದ ಮೇಲೆ ಕಂಡಿರಲಿಲ್ಲ.

ಕಾಣುವ ಪ್ರಸಂಗ ಬಂದದ್ದು 1980ರ ದಶಕದ ಮೊದಲಿನ ಒಂದು ಚಳಿಗಾಲದಲ್ಲಿ. ಬಂದದ್ದು ಸುಖದಿಂದಲ್ಲ. ನನ್ನ ತಂದೆ ಗೌಂಡಿಯಾಗಿದ್ದರು. ಹೊರ್ತಿಯಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಅವರು ಕಟ್ಟಿದ ಕಲ್ಲಿನ ಮನೆಗಳು ಇಂದಿಗೂ ಇವೆ. ಎದೆನೋವೆಂದು ಅವರನ್ನು ವಿಜಾಪುರದ ಒಂದು ದವಾಖಾನೆಗೆ ಸೇರಿಸಿದ್ದೆವು. ರಾತ್ರಿ ರೋಗಿಯ ಹತ್ತಿರ ಯಾರೂ ಇರಕೂಡದೆಂಬುದು ಅಲ್ಲಿಯ ನಿಯಮ. ನಾನು ಬಾಗಿಲಲ್ಲಿ ಹಿಂದೆಮುಂದೆ ನೋಡುತ್ತಿದ್ದುದನ್ನು ಕಂಡು ಅಪ್ಪ, “ಇಲ್ಲೇ ಕುಂತ ಏನ್ ಮಾಡ್ತಿ ತಮ್ಮಾ? ಹೋಗು, ಊರ ನೋಡಿ ಬಾ” ಎಂದರು. ಬೇನೆಯಲ್ಲಿದ್ದವರ ಮುಂದೆ ಎದುರು ಮಾತು ಸಲ್ಲದೆಂದು ಹೊರಬಿದ್ದೆ. ಮಾರ್ಗಶಿರ ಮಾಸದ ಶುದ್ಧ ದಶಮಿ. ಗಂಟೆ ಒಂಬತ್ತು ದಾಟಿತ್ತು. ತಿಂಗಳು ಪಡುವಣದ ಕಡೆಗೆ ವಾಲಿದ್ದನು.

ದವಾಖಾನೆ ಊರಿನ ಪಡುವಣ ಭಾಗದಲ್ಲಿದ್ದುದರಿಂದ ಮೊದಲು ಎದುರಾದದ್ದು ತಾಜ ಬಾವಡಿ. ಎರಡನೆಯ ಇಬ್ರಾಹಿಂ ಆದಿಲಶಾಹಿಯ ರಾಣಿ ತಾಜಸುಲ್ತಾನಾಳ ಹೆಸರಿನಲ್ಲಿ ಮಲಿಕ್ ಸಂದಲ್ 1620ರಲ್ಲಿ ಕಟ್ಟಿಸಿದ ಬಾವಿ. ಬಾವಿಯೆಂದರೆ ನಮ್ಮ ಹೊಲದ ಬಾವಿಯನ್ನು ನೆನೆಯಬಾರದು. ಒಂದೊಂದು ಮಗ್ಗುಲೂ 200 ಅಡಿಗೆ ಮೀರಿದ ಚೌಕಾಕಾರದ ಕೆರೆಯದು. ಹಗಲಿನಲ್ಲಿ ಅದರ ಮೇಲಿನ ಕಸವೆ ಕಣ್ಣಿಗೆ ಬೀಳುತ್ತಿತ್ತು. ಆ ಹೊತ್ತಿನಲ್ಲಿ ಕಸ ಕಾಣಲಿಲ್ಲ. ಎತ್ತರವಾದ ಕಮಾನು, ಅದರ ಕೆಳಗೆ ಕತ್ತಲೆ, ಕತ್ತಲೆಯ ತಳದಲ್ಲಿ ನಾಲ್ಕಾರು ನಕ್ಷತ್ರ. ಇಷ್ಟೇ ಇತ್ತು. ನಿಂತು ನೋಡಿದೆ. ಈಚಿನ ವರ್ಷಗಳಲ್ಲಿ ಆ ಬಾವಿಯ ಹೂಳೆತ್ತುವ ಕೆಲಸ ನಡೆದದ್ದನ್ನು ಕೇಳಿ ನನಗೆ ಸ್ವಂತ ಮನೆಯ ಬಾವಿಗೆ ನೀರು ಬಂದಷ್ಟು ಹಿತವಾಯಿತು.

ಅಲ್ಲಿಂದ ಕೋಟೆಯ ಗೋಡೆಯನ್ನು ಹಿಡಿದು ನಡೆದೆ. ಈ ಗೋಡೆ ಸುಮಾರು 10 ಕಿಲೋಮೀಟರು ಸುತ್ತಳತೆಯದು. ಷೇರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಮಲಗಿತ್ತು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, 55 ಟನ್ನು ತೂಕವೆನ್ನುತ್ತಾರೆ. ಬಾಯಿ ಸಿಂಹದ್ದು; ಆ ಬಾಯಿಯಲ್ಲಿ ಸಿಕ್ಕಿಬಿದ್ದಿರುವುದು ಆನೆ. ಹಗಲಿನಲ್ಲಿ ಹುಡುಗರು ಅದರ ಮೇಲೆ ಕುದುರೆಯಾಡುವುದನ್ನು ಕಂಡಿದ್ದೆ. ಆಗ ಹತ್ತಿರ ಯಾರೂ ಇರಲಿಲ್ಲ. ಕೈಯಿಟ್ಟೆ. ಲೋಹ ಇಬ್ಬನಿಯಿಂದ ಒದ್ದೆಯಾಗಿತ್ತು, ಹಿಮದಂತೆ ತಣ್ಣಗಿತ್ತು. ಬೆರಳಿನ ಗೆಣ್ಣಿನಿಂದ ತಟ್ಟಿದರೆ ಗುಡಿಯ ಗಂಟೆಯಂತೆ ಒಂದು ಸಣ್ಣ ನಾದ ಹೊರಟು ಬಹಳ ಹೊತ್ತು ನಿಂತಿತು. ಯುದ್ಧದ ಯಂತ್ರದ ಹೊಟ್ಟೆಯಲ್ಲಿ ಇಂಥ ಇಂಪು ಅಡಗಿರುವುದನ್ನು ಹಗಲಿನ ಗದ್ದಲದಲ್ಲಿ ಯಾರು ಕೇಳಿಯಾರು? 1854ರಲ್ಲಿ ಇಂಗ್ಲಿಷರು ಇದನ್ನು ಹರಾಜಿಗಿಟ್ಟಾಗ ಬಂದ ಸವಾಲು 150 ರೂಪಾಯಿ ಎಂದು ಹೇಳುತ್ತಾರೆ. ಅಷ್ಟಕ್ಕೆ ಕೊಡಲೊಲ್ಲದೆ ಬಿಟ್ಟರಂತೆ. ಹಾಗಾಗಿ ತೋಪು ನಮಗೆ ಉಳಿಯಿತು.

ಮೂಡಣಕ್ಕೆ ತಿರುಗಿ ಬಾರಾ ಕಮಾನಿಗೆ ಬಂದೆ. ಎರಡನೆಯ ಅಲಿ ಆದಿಲಶಾಹಿ ತನ್ನ ಸಮಾಧಿಗೆಂದು ಆರಂಭಿಸಿ ಮುಗಿಸಲಾಗದೆ 1672ರಲ್ಲಿ ತೀರಿಕೊಂಡ; ಅಲ್ಲಿಯೇ ಅವನ ಗೋರಿಯಿದೆ. ಕಪ್ಪು ಕಲ್ಲಿನ ಕಮಾನುಗಳು ಸಾಲಾಗಿ ಎದ್ದು ನಿಂತಿವೆ, ಮೇಲೆ ಛಾವಣಿಯಿಲ್ಲ. ಹಗಲಿನಲ್ಲಿ ನೋಡಿದವರು, ಪೂರ್ಣವಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಲೊಚಗುಟ್ಟುತ್ತಾರೆ. ಬೆಳದಿಂಗಳಿನಲ್ಲಿ ನನಗೆ ಹಾಗೆ ಅನ್ನಿಸಲಿಲ್ಲ. ಕಮಾನು ಕಮಾನಿಗೂ ಆಕಾಶವೆ ತುಂಬಿಕೊಂಡಿತ್ತು. ಯಾವ ಅರಸನೂ ಹೊದಿಸಲಾರದ ಛಾವಣಿ ಅದು. ಆದರೆ ಗೌಂಡಿಯ ಮಗನಾದ ನನಗೆ ಇನ್ನೊಂದು ಯೋಚನೆಯೂ ಬಂತು. ದುಡ್ಡು ಕೊಡುವವನು ಸತ್ತ ಸುದ್ದಿ ಬಂದ ದಿನ, ಗಚ್ಚು ಕಲಸಿಟ್ಟಿದ್ದ ಆಳುಗಳು ಏನು ಮಾಡಿರಬೇಕು? ಆ ವಾರದ ಬಟವಡೆ ಆಯಿತೋ ಇಲ್ಲವೋ? ಚರಿತ್ರೆಯ ಪುಸ್ತಕ ಅದನ್ನು ಬರೆಯುವುದಿಲ್ಲ.

ದಾರಿ ದಾಟಿದರೆ ಅರಕಿಲ್ಲಾ, ಅಂದರೆ ಒಳಕೋಟೆ. ಗಗನ ಮಹಲಿನ ನಡುವಣ ಕಮಾನು ಆ ರಾತ್ರಿ ಕತ್ತಲೆಯ ಬಾಗಿಲಿನಂತೆ ತೆರೆದುಕೊಂಡಿತ್ತು. 1561ರ ಸುಮಾರಿಗೆ ಮೊದಲನೆಯ ಅಲಿ ಕಟ್ಟಿಸಿದ ದರಬಾರು ಇದು. ಇವನೇ 1565ರಲ್ಲಿ, ನಮ್ಮ ಜಿಲ್ಲೆಯ ತಾಳಿಕೋಟೆಯ ಹೆಸರು ಹೊತ್ತ ಯುದ್ಧದಲ್ಲಿ, ಉಳಿದ ಸುಲ್ತಾನರೊಡನೆ ಕೂಡಿ ವಿಜಯನಗರವನ್ನು ಕೆಡವಿದವನು. ಹಂಪಿಯನ್ನು ನೋಡಿ ಕಣ್ಣಲ್ಲಿ ನೀರು ತಂದುಕೊಂಡವನು ವಿಜಾಪುರದಲ್ಲಿ ನಿಂತಾಗ ಅವನ ಎದೆಯೊಳಗೆ ಒಂದು ಕಹಿ ಇದ್ದೇ ಇರುತ್ತದೆ; ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಇದೇ ಗಗನ ಮಹಲಿನಲ್ಲಿ 1686ರ ಸೆಪ್ಟೆಂಬರಿನಲ್ಲಿ, ಇನ್ನೂ ಹದಿಹರೆಯದ ಸಿಕಂದರ ಆದಿಲಶಾಹಿಯನ್ನು ಔರಂಗಜೇಬನ ಮುಂದೆ ಬೆಳ್ಳಿಯ ಸಂಕೋಲೆ ತೊಡಿಸಿ ನಿಲ್ಲಿಸಿದರಂತೆ. ತಾಳಿಕೋಟೆಗೂ ಇದಕ್ಕೂ ನಡುವೆ 121 ವರ್ಷ. ಮೂರು ನಾಲ್ಕು ತಲೆಮಾರು. ಗೆದ್ದ ಊರೂ ಸೋತ ಊರೂ ಕತ್ತಲೆಯಲ್ಲಿ ಒಂದೇ ಬಗೆಯಾಗಿ ಕಾಣುತ್ತವೆ ಎಂಬುದನ್ನು ನಾನು ಅಲ್ಲಿ ಕಂಡೆ.

ಒಳಕೋಟೆಯ ತೆಂಕಣ ಮಗ್ಗುಲಿನಲ್ಲಿ ಕರೀಮುದ್ದೀನನ ಮಸೀದಿ. ಆದಿಲಶಾಹಿಗಳಿಗಿಂತ ಬಹಳ ಹಳೆಯದು, 1320ರದು. ಒಳಗಿನ ಕಂಬಗಳು ಇನ್ನೂ ಹಳೆಯವು. ಅವು ದೇವಾಲಯಗಳ ಕಂಬಗಳು. ಈ ಸಂಗತಿಯನ್ನು ಒಬ್ಬರು ಸಿಟ್ಟಿನಿಂದ ಹೇಳುತ್ತಾರೆ, ಇನ್ನೊಬ್ಬರು ಹೇಳದೆಯೆ ಮುಂದೆ ಹೋಗುತ್ತಾರೆ. ನನಗೆ ಅಲ್ಲಿ ಬೇರೊಂದು ಸಂಗತಿ ಮುಖ್ಯ. ಅಲ್ಲಿಯ ನಾಗರಿ ಶಾಸನದಲ್ಲಿ ಆ ಕಟ್ಟಡದ ಕೆಲಸ ಮಾಡಿದ ಸೂತಾರನ ಹೆಸರಿದೆ. ಅವನು ಸಾಲೋಟಗಿಯ ರೇವಯ್ಯ. ಸಾಲೋಟಗಿ ನಮ್ಮ ಇಂಡಿ ತಾಲೂಕಿನ ಊರು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನೆಂಬವನು ಹತ್ತನೆಯ ಶತಮಾನದಲ್ಲಿ ಅಲ್ಲಿ ವಿದ್ಯಾರ್ಥಿಗಳಿಗಾಗಿ ಶಾಲೆ ಕಟ್ಟಿಸಿದನೆಂದು ಶಾಸನವಿದೆ. ಅಂಥ ಊರಿನ ಒಬ್ಬ ಕಸುಬುದಾರ ಉಳಿ ಸುತ್ತಿಗೆ ಹೊತ್ತು ನಾನು ಬಸ್ಸಿನಲ್ಲಿ ಬಂದ ನೆಲದ ಮೇಲೆಯೆ ನಡೆದು ಇಲ್ಲಿಗೆ ಬಂದಿರಬೇಕು. ಒಡೆದ ಗುಡಿಯ ಕಂಬವನ್ನು ಎತ್ತಿ ನಿಲ್ಲಿಸುವಾಗ ಅವನ ಮನಸ್ಸಿನಲ್ಲಿ ಏನಿತ್ತು? ಹೊಟ್ಟೆಪಾಡೇ, ಸಂಕಟವೇ, ಅಥವಾ ಬಿದ್ದ ಕಲ್ಲು ಮತ್ತೆ ನಿಂತಿತಲ್ಲ ಎಂಬ ಸಮಾಧಾನವೇ? ಬಾಗಿಲು ಹಾಕಿದ್ದ ಮಸೀದಿಯ ಮುಂದೆ ನಿಂತು ನಾನು ಯೋಚಿಸಿದ್ದು ಸುಲ್ತಾನರನ್ನಲ್ಲ, ರೇವಯ್ಯನನ್ನು. ನನ್ನ ತಂದೆಯಂತೆ ಅವನಿಗೂ ಬಲಗೈಯ ಅಂಗೈ ಕಾಯಿಗಟ್ಟಿರಬೇಕು.

ಹತ್ತಿರದಲ್ಲಿಯೆ, ಕಂದಕದ ಅಂಚಿಗೆ, ಮರದ ಕೆಳಗೆ ನರಸಿಂಹನ ಗುಡಿಯಲ್ಲಿ ಒಂದು ದೀಪ ಉರಿಯುತ್ತಿತ್ತು. ಜನ ‘ಜಗದ್ಗುರು’ ಎಂದು ಕರೆದ ಎರಡನೆಯ ಇಬ್ರಾಹಿಂ ಇಲ್ಲಿಗೆ ಬರುತ್ತಿದ್ದನೆಂದು ಊರಿನವರ ನಂಬಿಕೆ. ನಂಬುವುದಕ್ಕೆ ಅಡ್ಡಿಯಿಲ್ಲ. ‘ಕಿತಾಬ್-ಎ-ನವರಸ’ ಎಂಬ ತನ್ನ ದಖನಿ ಹಾಡುಗಳಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ನೆನೆದವನು ಅವನು. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟು ಅದನ್ನು ಹಾಡಿನಲ್ಲಿಯೂ ತಂದವನು. ಊರಿನ ಪಡುವಣಕ್ಕೆ ಇರುವ ತೊರವೆಯಲ್ಲಿ, ಅಲ್ಲಿಯ ನರಸಿಂಹನ ಹೆಸರಿನಲ್ಲಿ, ನರಹರಿ ಕವಿ ಕನ್ನಡದಲ್ಲಿ ರಾಮಾಯಣ ಬರೆದ. ಅದಕ್ಕೂ ನಾನೂರು ವರ್ಷ ಹಿಂದೆ ಅಭಿನವ ಪಂಪನೆನಿಸಿದ ನಾಗಚಂದ್ರ ವಿಜಯಪುರದಲ್ಲಿ ಮಲ್ಲಿಜಿನನ ಬಸದಿಯನ್ನು ಕಟ್ಟಿಸಿದನೆಂದು ನಮ್ಮ ಸಾಹಿತ್ಯ ಚರಿತ್ರೆ ಹೇಳುತ್ತದೆ. ಗುಮ್ಮಟಗಳ ಊರೆಂದು ನಾವು ಒಂದೇ ಮಾತಿನಲ್ಲಿ ಮುಗಿಸಿಬಿಡುವ ಈ ಊರಿನಲ್ಲಿ ಎಷ್ಟೊಂದು ದನಿಗಳು ಒಂದರ ಮೇಲೊಂದು ಮಲಗಿವೆ!

ಗಾಂಧಿ ಚೌಕದಲ್ಲಿ ಅಂಗಡಿಗಳೆಲ್ಲ ಮುಚ್ಚಿದ್ದವು. ಮೂರು ಟಾಂಗಾಗಳು ನಿಂತಿದ್ದವು. ಕುದುರೆಗಳು ನಿಂತಲ್ಲಿಯೆ ತೂಕಡಿಸುತ್ತಿದ್ದವು, ಒಡೆಯರು ಒಳಗೆ ಕಂಬಳಿ ಹೊದ್ದು ಮಲಗಿದ್ದರು. ಒಂದು ಚಹಾದ ಅಂಗಡಿ ತೆರೆದಿತ್ತು. ಚಹಾ ಕುಡಿದು ಜುಮ್ಮಾ ಮಸೀದಿಯ ಕಡೆಗೆ ಹೊರಟೆ. ಅಷ್ಟರಲ್ಲಿ ತಿಂಗಳು ಮುಳುಗಿದನು. ಬೆಳಕು ಹೋದ ಮೇಲೆ ಕಾಲು ಕಣ್ಣಾಗುತ್ತದೆ. ಹಾಸುಗಲ್ಲು ಎಲ್ಲಿ ಮುಗಿಯಿತು, ಮಣ್ಣು ಎಲ್ಲಿ ಮೊದಲಾಯಿತು, ಗಲ್ಲಿ ಎಲ್ಲಿ ಇಳಿಯಿತು ಎಂಬುದೆಲ್ಲ ಅಂಗಾಲಿಗೆ ತಿಳಿಯತೊಡಗಿತು. ಗೋಡೆಯಾಚೆಯಿಂದ ಮಗು ಅತ್ತದ್ದು, ಯಾರೋ ಮುದುಕರು ಕೆಮ್ಮಿದ್ದು, ರೊಟ್ಟಿ ಸುಟ್ಟ ಒಲೆಯ ಆರಿದ ವಾಸನೆ: ಇವೇ ನನ್ನ ದಾರಿಯ ಗುರುತುಗಳು. ನೂರು ಸಲ ಬಂದಾಗಲೂ ಇಲ್ಲಿ ಜನ ಮಲಗುತ್ತಾರೆ, ಏಳುತ್ತಾರೆ ಎಂದು ನಾನು ಯೋಚಿಸಿರಲಿಲ್ಲ.

ಹೀಗೆ ಹೋಗುತ್ತಿರುವಾಗ ಒಂದು ಗಲ್ಲಿಯ ತಿರುವಿನಲ್ಲಿ ಎತ್ತರವಾದ ಚೌಕದ ಗೋಪುರವೊಂದು ಎದುರಾಯಿತು. ಜನ ಇವನ್ನು ಗಂಜ್ ಎನ್ನುತ್ತಾರೆ. ಆದಿಲಶಾಹಿಗಳು ತೊರವೆಯ ಕಡೆಯಿಂದಲೂ, 1651ರಲ್ಲಿ ಕಟ್ಟಿಸಿದ ಬೇಗಂ ತಲಾಬಿನಿಂದಲೂ, ನೆಲದೊಳಗಿನ ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ತಂದಿದ್ದರು. ಕೊಳವೆಯ ನೀರು ಅಲ್ಲಲ್ಲಿ ಈ ಗೋಪುರಗಳೊಳಗೆ ಏರುತ್ತಿತ್ತು. ರಭಸ ಮುರಿದು, ಕೆಸರು ತಳಕ್ಕಿಳಿದು, ತಿಳಿಯಾಗಿ ಮುಂದಿನ ಓಣಿಗೆ ಹೋಗುತ್ತಿತ್ತು. ಊರನ್ನು ಎತ್ತಿ ಹಿಡಿದದ್ದು ಗುಮ್ಮಟವಲ್ಲ, ಈ ನೀರು. ರಾಜ್ಯ ಹೋಯಿತು, ಅದರ ಹಿಂದೆಯೆ ಪ್ಲೇಗು ಬಂತು, ಕೊಳವೆಗಳನ್ನು ನೋಡಿಕೊಳ್ಳುವವರು ಇಲ್ಲವಾದರು, ಊರು ಬರಿದಾಯಿತು. 1880ರ ದಶಕದಲ್ಲಿ ರೈಲು ಬಂದು, ಕಲಾದಗಿಯಿಂದ ಜಿಲ್ಲೆಯ ಕಚೇರಿಗಳು ಇಲ್ಲಿಗೆ ಬಂದ ಮೇಲೆ ಊರು ಮತ್ತೆ ಉಸಿರಾಡಿತು.

ಆ ಗೋಪುರದ ಬುಡದಲ್ಲಿ ಒಂದು ನಳ. ನಳದ ಮುಂದೆ ಕೊಡಗಳ ಸಾಲು. ಮೂರುವರೆಯ ಆ ಚಳಿಯಲ್ಲಿ ಐದಾರು ಹೆಣ್ಣುಮಕ್ಕಳು ಸೆರಗು ಹೊದ್ದು ಕುಳಿತಿದ್ದರು. ನಳ ಸಣ್ಣಗೆ ಸುರಿಯುತ್ತಿತ್ತು. ನನ್ನನ್ನು ಕಂಡು ಅವರಲ್ಲಿ ಹಿರಿಯಳಾದವಳು, “ಯಾರಪಾ ನೀ, ಇಷ್ಟ ಹೊತ್ತಿನಾಗ?” ಎಂದು ಗದರಿದಳು. “ದವಾಖಾನಿಯೊಳಗ ಅಪ್ಪ ಅದಾರ್ರಿ, ಯವ್ವಾ. ನಿದ್ದಿ ಬರಲಿಲ್ಲ” ಎಂದೆ. ಅವಳು ಬೇರೇನೂ ಕೇಳಲಿಲ್ಲ. ತನ್ನ ತುಂಬಿದ ಕೊಡದಿಂದ ಒಂದು ತಂಬಿಗೆ ಬಗ್ಗಿಸಿ, “ನೀರ ಕುಡಿ” ಎಂದು ಕೊಟ್ಟಳು. 1972ರ ಬರದಲ್ಲಿ ಒಂದು ಕೊಡ ನೀರಿಗೆ ಹರದಾರಿ ನಡೆದ ನಮ್ಮ ಕಡೆಯವನಿಗೆ ಆ ತಂಬಿಗೆಯ ಬೆಲೆ ತಿಳಿಯದೆ ಇದ್ದೀತೆ? ನಾನು ಕುಡಿದೆ. ಅವಳು ಯಾವ ಜಾತಿಯವಳೋ ಯಾವ ಧರ್ಮದವಳೋ, ಕತ್ತಲೆಯಲ್ಲಿ ನನಗೆ ಕಾಣಲಿಲ್ಲ, ಅವಳಿಗೂ ಕಾಣಲಿಲ್ಲ.

ಮೂಡಣದ ಅಂಚಿನಲ್ಲಿ ಗೋಲಗುಮ್ಮಟದ ಮುಂದೆ ಬಂದಾಗ ಕಬ್ಬಿಣದ ಗೇಟಿಗೆ ಬೀಗ. ಗುಮ್ಮಟವನ್ನು ಕಂಡೆನೆಂದು ಹೇಳಲಾರೆ. ಆಕಾಶದ ಒಂದು ದೊಡ್ಡ ಭಾಗದಲ್ಲಿ ನಕ್ಷತ್ರಗಳೆ ಇರಲಿಲ್ಲ. ಆ ಇಲ್ಲದ ಜಾಗವೆ ಗುಮ್ಮಟ. 1656ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಾಹಿ ಅದರ ಕೆಳಗೆ ಮಲಗಿದ್ದಾನೆ. ಒಳಗಿನ ಅಡ್ಡಳತೆ ಸುಮಾರು 124 ಅಡಿ. ರೋಮಿನ ಸೇಂಟ್ ಪೀಟರ್ ದೇವಾಲಯದ ಗುಮ್ಮಟ ಇದಕ್ಕಿಂತ ಕೆಲವೇ ಅಡಿ ದೊಡ್ಡದು. ಪಿಸುಮಾತೂ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಕೇಳಿಸುವ ಆ ಒಳಮೊಗಸಾಲೆ ಆಗ ಎಷ್ಟು ಮೌನವಾಗಿದ್ದಿತೋ! ಒಂದು ಗಂಟೆ ಅಲ್ಲಿಯೆ ಕಟ್ಟೆಯ ಮೇಲೆ ಕುಳಿತೆ. ಅಪ್ಪ ಉಳಿಯುತ್ತಾರೋ ಇಲ್ಲವೋ ಎಂಬ ಅಂಜಿಕೆಯನ್ನು ರಾತ್ರಿಯೆಲ್ಲ ನಡೆದು ನಡೆದು ಹಿಂದೆ ಹಾಕಲು ನೋಡಿದ್ದೆ. ಅದು ಅಲ್ಲಿ ನನ್ನ ಜೊತೆಗೆ ಬಂದು ಕುಳಿತಿತು.

ಬೆಳಿಗ್ಗೆ ಹೋದಾಗ ಅಪ್ಪ ಎಚ್ಚರವಾಗಿದ್ದರು.

“ಏನ್ ನೋಡಿ ಬಂದಿ?”

ಕಂಡದ್ದನ್ನೆಲ್ಲ ಹೇಳಿದೆ. ಗುಮ್ಮಟದ ಮಾತು ಬಂದಾಗ ಅವರು ತಡೆದರು. “ಒಳಗ ಕಂಬ ಎಷ್ಟ ಅದಾವ?”

“ಒಂದೂ ಇಲ್ಲಪ್ಪಾ.”

ಅವರು ಬಹಳ ಹೊತ್ತು ಸುಮ್ಮನಿದ್ದರು. ಆ ಗುಮ್ಮಟದ ವಿದ್ಯೆಯನ್ನು ನಾನು ಓದಿ ತಿಳಿದಿದ್ದೆ. ನಾಲ್ಕು ಗೋಡೆಗಳ ಮೇಲಿನಿಂದ ಎಂಟು ಕಮಾನುಗಳು ಒಂದನ್ನೊಂದು ಹೆಣೆದುಕೊಂಡು ಒಳಕ್ಕೆ ಬಾಗಿವೆ. ಗುಮ್ಮಟದ ಭಾರ ಹೊರಕ್ಕೆ ನೂಕುತ್ತದೆ. ಬಾಗಿದ ಕಮಾನುಗಳ ಭಾರ ಒಳಕ್ಕೆ ಜಗ್ಗುತ್ತದೆ. ಎರಡೂ ಸರಿಹೋಗಿ ಗುಮ್ಮಟ ನಿಲ್ಲುತ್ತದೆ. ಇದನ್ನು ನಾನು ಬೆರಳು ಹೆಣೆದು ತೋರಿಸಲು ಹೋದೆ. ಅಷ್ಟರಲ್ಲಿ ಅವರೇ, ಶಾಲೆಯ ಮುಖ ಕಾಣದವರು, ಮಲಗಿದಲ್ಲಿಯೆ ಎರಡೂ ಕೈಗಳ ಬೆರಳುಗಳನ್ನು ಒಂದರೊಳಗೊಂದು ಹೆಣೆದು ಎದೆಯ ಮೇಲೆ ಹಿಡಿದು, “ಹಿಂಗ ಕಟ್ಟಿರಬೇಕು” ಎಂದರು. “ಹೊರಗ ದೂಡೂದಕ್ಕ ಒಳಗ ಜಗ್ಗವ್ರು ಬೇಕು.”

ಆ ಸಲ ಅವರು ಉಳಿದರು. ಊರಿಗೆ ಹೊರಟ ದಿನ ಬಸ್ಸಿಗೆ ಮೊದಲು ಟಾಂಗಾ ಮಾಡಿ ಅವರನ್ನು ಗೋಲಗುಮ್ಮಟಕ್ಕೆ ಕರೆದೊಯ್ದೆ. ಒಳಗೆ ಎಲ್ಲರೂ ಪ್ರತಿಧ್ವನಿಗಾಗಿ ಕೂಗುತ್ತಿದ್ದರು. ಅಪ್ಪ ಕೂಗಲಿಲ್ಲ. ಮೂಲೆಯಲ್ಲಿ ನಿಂತು ಕತ್ತೆತ್ತಿ ಕಮಾನುಗಳು ಸೇರುವ ಜಾಗವನ್ನು ನೋಡಿದರು. ಗೋಡೆಗೆ ಅಂಗೈ ಆನಿಸಿದರು. ಯಾರೋ ಹಳೆಯ ಪರಿಚಯದವರ ಭುಜ ಮುಟ್ಟಿದಂತಿತ್ತು ಅದು.

ಅವರು ಈಗಿಲ್ಲ. ವಿಜಾಪುರವೂ ಬಹಳ ಬೆಳೆದಿದೆ; ವಾಹನಗಳ ನಡುವೆ ನಡೆಯುವವನಿಗೆ ದಾರಿ ಸಿಗುವುದು ಕಷ್ಟವಾಗಿದೆ. ಹಳೆಯ ಕಟ್ಟಡಗಳನ್ನು ರಕ್ಷಿಸಬೇಕೆಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಅದರ ಜೊತೆಗೆ ಒಂದು ಸಣ್ಣ ಬಿನ್ನಹವಿದೆ. ಒಂದು ಕಟ್ಟಡದಿಂದ ಇನ್ನೊಂದು ಕಟ್ಟಡಕ್ಕೆ ಕಾಲುನಡಿಗೆಯಲ್ಲಿ ಹೋಗುವ ಗಲ್ಲಿಗಳನ್ನೂ ಉಳಿಸಬೇಕು. ಊರೆಂಬುದು ಗುಮ್ಮಟಗಳಲ್ಲಿ ಇರುವಷ್ಟೇ ಅವುಗಳ ನಡುವಣ ಓಣಿಗಳಲ್ಲಿಯೂ ಇದೆ.

ಶ್ರೋತೃಗಳಲ್ಲಿ ಯಾರಿಗಾದರೂ ಮನಸ್ಸಾದರೆ ಶುದ್ಧ ದಶಮಿಯ ಆಸುಪಾಸಿಗೆ ಒಂದು ರಾತ್ರಿ ಹೋಗಿರಿ. ಬಾಗಿಲುಗಳು ಮುಚ್ಚಿರುತ್ತವೆ, ಅದಕ್ಕೆ ಬೇಸರ ಬೇಡ. ಕಾಲಿಗೆ ಗಟ್ಟಿಯಾದ ಚಪ್ಪಲಿ ಇರಲಿ, ಹೆಗಲಿಗೆ ಒಂದು ಕಂಬಳಿ ಇರಲಿ. ಮಲಗಿದವರ ನಿದ್ದೆ ಕೆಡದಂತೆ ಮೆಲ್ಲಗೆ ನಡೆಯಿರಿ. ದಾರಿಯಲ್ಲಿ ಯಾರಾದರೂ ನೀರು ಕೊಟ್ಟರೆ ಕುಡಿಯದೆ ಮುಂದೆ ಹೋಗಬೇಡಿರಿ.